ಅರ್ಧಕ್ಕೆ ಮೂರನೇ ಒಂದು ಸೇರಿಸಿದಾಗ

ಮೊನ್ನೆ ಮಗಳು ಲೆಕ್ಕದ ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. 1/2 + 1/3 ಎಷ್ಟು ಅಂತ ಪ್ರಶ್ನೆ. 2/5 ಅಂತ ಬರೆದಿದ್ದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ನೋಡೋಕೆ ನ್ಯಾಯವಾಗೇ ಇದೆ, ಅಲ್ವಾ?

ಹಬ್ಬದ ಒಬ್ಬಟ್ಟು ಇನ್ನೂ ಉಳಿದಿತ್ತು. ಒಂದನ್ನು ಅರ್ಧ ಮಾಡಿ ಅವಳ ತಟ್ಟೆಗೆ ಹಾಕಿದೆ. ಇನ್ನೊಂದನ್ನು ಮೂರು ಮಾಡಿ, ಒಂದು ತುಂಡು ಪಕ್ಕಕ್ಕಿಟ್ಟೆ. "ಐದರಲ್ಲಿ ಎರಡು ಅಂದ್ಯಲ್ಲ, ಅದು ಅರ್ಧಕ್ಕಿಂತ ಜಾಸ್ತಿನಾ, ಕಮ್ಮಿನಾ?" ಬೆರಳು ಮಡಿಸಿ ನೋಡಿಕೊಂಡು "ಕಮ್ಮಿ" ಅಂದಳು. ಆಮೇಲೆ ತಟ್ಟೆ ನೋಡಿದಳು. "ಇನ್ನೊಂದು ಚೂರು ಹಾಕಿದ ಮೇಲೆ ಕಮ್ಮಿ ಆಗೋಯ್ತಾ ಅಪ್ಪಾ?"

ಅರ್ಧ ಮತ್ತು ಕಾಲು ಆಗಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಶಾಲೆಗೇ ಹೋಗದ ನಮ್ಮಜ್ಜಿ ಕೂಡ ಅರೆಗೆ ಕಾಲು ಸೇರಿದರೆ ಮುಕ್ಕಾಲು ಅಂತ ಥಟ್ಟನೆ ಹೇಳುತ್ತಿದ್ದರು. ಲೆಕ್ಕ ಪದದೊಳಗೇ ಇದೆ. ಮೂರು ಕಾಲು ಮುಕ್ಕಾಲು. ಅರೆಯನ್ನು ಎರಡು ಕಾಲು ಅಂದುಕೊಂಡರೆ ಆಯಿತು. ಮೇಷ್ಟ್ರು ಲ.ಸಾ.ಅ. (ಕೆಳಗಿನ ಎರಡೂ ಅಂಕಿಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಅಂತ ಹೆದರಿಸುತ್ತಿದ್ದುದು ಇದನ್ನೇ. ಮೂರನೇ ಒಂದಕ್ಕೆ ಮಾತ್ರ ನಮ್ಮ ಮನೆಮಾತಿನಲ್ಲಿ ಕಾಲು, ಅರೆಯಂಥ ಪುಟ್ಟ ಹೆಸರಿಲ್ಲ.

ಹಳೇ ರೂಪಾಯಿಯಲ್ಲಿ ಅದಕ್ಕೂ ಜಾಗ ಇತ್ತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅರ್ಧ ಅಂದರೆ ಎಂಟಾಣೆ. ಮೂರನೇ ಒಂದು ಅಂದರೆ ಐದಾಣೆ ನಾಲ್ಕು ಪೈ. ಎರಡೂ ಸೇರಿ ಹದಿಮೂರಾಣೆ ನಾಲ್ಕು ಪೈ. ಛೇದದ ಸುದ್ದಿಯೇ ಇಲ್ಲ. 1957ರಲ್ಲಿ ನೂರು ಪೈಸೆಯ ರೂಪಾಯಿ ಬಂತು ನೋಡಿ, ಮೂವರು ಹಂಚಿಕೊಂಡರೆ ಕೊನೇ ಪೈಸೆ ಯಾರಿಗೆ ಅಂತ ಜಗಳ.

ಭಿನ್ನರಾಶಿಯ ಲೆಕ್ಕಕ್ಕೆ ಹಳಬರು 'ಕಲಾಸವರ್ಣ' ಅನ್ನುತ್ತಿದ್ದರು. 9ನೇ ಶತಮಾನದಲ್ಲಿ, ಅಮೋಘವರ್ಷನ ಕಾಲಕ್ಕೆ, ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ ಇದಕ್ಕೇ ಒಂದು ಅಧ್ಯಾಯ ಕೊಟ್ಟಿದ್ದಾರೆ. ಲ.ಸಾ.ಅ.ಕ್ಕೆ ಅವರು ಇಟ್ಟ ಹೆಸರು 'ನಿರುದ್ಧ'. ನನಗೆ ಹಿಡಿಸಿದ್ದು ಸವರ್ಣ ಅನ್ನೋ ಮಾತು. ಬೇರೆ ಬೇರೆ ಬಣ್ಣದ ಚೂರುಗಳನ್ನು ಮೊದಲು ಒಂದೇ ಬಣ್ಣಕ್ಕೆ ತರಬೇಕು, ಆಮೇಲೆ ಎಣಿಸಬೇಕು.

ಹಾಗೇ ಮಾಡಿದೆವು. ಅರ್ಧವನ್ನು ಮೂರು ತುಂಡು, ಇನ್ನೊಂದನ್ನು ಎರಡು ತುಂಡು. ಈಗ ಎಲ್ಲವೂ ಆರನೇ ಒಂದರವು. "ಐದು!" ಅಂತ ಕೂಗಿದಳು. ಆರರಲ್ಲಿ ಐದು.

ಮುಂದಿನ ಲೆಕ್ಕ 1/4 + 1/7. ಇಪ್ಪತ್ತೆಂಟು ತುಂಡು ಮಾಡಬೇಕು. ಆಗಲೇ ತಟ್ಟೆ ತುಂಬ ಹೂರಣ ಉದುರಿತ್ತು. "ಇದನ್ನ ಸುಮ್ನೆ ಪುಸ್ತಕದಲ್ಲೇ ಮಾಡೋಣ" ಅಂದೆ.