ಮೂರು ನಕ್ಷತ್ರದ ಹೋಟೆಲಿನಲ್ಲಿ ಕಾರ್ಯಪಾಲಕ ಎಂಜಿನಿಯರು

ಏಪ್ರಿಲ್ ತಿಂಗಳಿನಲ್ಲಿ ಇಟಲಿಯ ಮಿಲಾನ್ ನಗರಕ್ಕೆ ಹೊರಡುವವರು ರಾಹುಕಾಲ, ಗುಳಿಕಕಾಲಗಳನ್ನು ಬದಿಗಿಟ್ಟು, ಮೊದಲು ಕುರ್ಚಿ ಮೇಜುಗಳ ಮುಹೂರ್ತ ಯಾವ ವಾರಕ್ಕೆ ಬಿದ್ದಿದೆ ಎಂದು ವಿಚಾರಿಸಿಕೊಳ್ಳುವುದು ಕ್ಷೇಮ. 1961ರಲ್ಲಿ ಆರಂಭವಾದ ಸಲೋನೆ ದೆಲ್ ಮೊಬಿಲೆ ಎಂಬ ಪೀಠೋಪಕರಣಗಳ ಮೇಳ ಈಗ ಏಪ್ರಿಲ್‌ನಲ್ಲೇ ನಡೆಯುತ್ತದೆ. ಆ ವಾರ ಜಗತ್ತಿನ ಸೋಫಾ ವ್ಯಾಪಾರಿಗಳೆಲ್ಲ ಊರಿಗೆ ಬಂದಿಳಿಯುವುದರಿಂದ ಸಾಧಾರಣ ಹೋಟೆಲಿನ ಸಾಧಾರಣ ಕೋಣೆಗೂ ಅರಮನೆಯ ಬಾಡಿಗೆ ಹೇಳುತ್ತಾರೆ. ಅಲ್ಲಿನ ಪೊಲಿಟೆಕ್ನಿಕೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನನ್ನ ನಾದಿನಿ ಪದವಿ ಪಡೆದು, ಆ ದೇಶದ ಪದ್ಧತಿಯಂತೆ ತಲೆಗೆ ಲಾರೆಲ್ ಎಲೆಯ ಕಿರೀಟ ಇಟ್ಟುಕೊಳ್ಳುವ ದಿನ ಸುದೈವದಿಂದ ಮೇಳ ಮುಗಿದ ಮೇಲೆ ಬಂತು. ಅವಳು ಗೆಳತಿಯರೊಡನೆ ಹಂಚಿಕೊಂಡಿದ್ದ ಮನೆಯಲ್ಲಿ ನಮ್ಮ ಸೂಟ್‌ಕೇಸುಗಳಿಗೇ ಜಾಗವಿರಲಿಲ್ಲವಾದ್ದರಿಂದ, ಸೆಂಟ್ರಲ್ ಸ್ಟೇಷನ್ನಿನ ಹತ್ತಿರ ಮೂರು ನಕ್ಷತ್ರದ ಒಂದು ಹೋಟೆಲಿನಲ್ಲಿ ಎರಡು ಕೋಣೆಗಳನ್ನು ಗೊತ್ತುಮಾಡಿದೆವು. ಒಂದರಲ್ಲಿ ನಾನು ಮತ್ತು ನಮ್ಮವರು, ಪಕ್ಕದ್ದರಲ್ಲಿ ಅತ್ತೆ ಮಾವ.

ಮಾವನವರು ಲೋಕೋಪಯೋಗಿ ಇಲಾಖೆಯಲ್ಲಿ ಕಾರ್ಯಪಾಲಕ ಎಂಜಿನಿಯರ್ ಆಗಿದ್ದು ಮೈಸೂರಿನಲ್ಲಿ ನಿವೃತ್ತರಾದವರು. ನಿವೃತ್ತಿಯ ಆದೇಶ ಸಂಬಳಕ್ಕೆ ಅನ್ವಯಿಸುತ್ತದೆಯೇ ಹೊರತು ತಪಾಸಣೆಗೆ ಅನ್ವಯಿಸುವುದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ಜೇಬಿನಲ್ಲಿ ಸದಾ ಒಂದು ಸಣ್ಣ ಡೈರಿ, ಒಂದು ಬಾಲ್‌ಪೆನ್ನು, ಒಂದು ಉಕ್ಕಿನ ಅಳತೆಪಟ್ಟಿ ಇರುತ್ತವೆ. ಅಳತೆಪಟ್ಟಿಯನ್ನು ವಿಮಾನ ನಿಲ್ದಾಣದಲ್ಲಿ ತೆಗೆಸಿ ನೋಡಿದಾಗ ಅವರಿಗೆ ಅಭಿಮಾನವೇ ಆಯಿತೆಂದು ಕಾಣುತ್ತದೆ.

ಹೋಟೆಲಿಗೆ ಕಾಲಿಟ್ಟೊಡನೆ ಸ್ವಾಗತದ ಕಟ್ಟೆಯಲ್ಲಿದ್ದ ಹಿರಿಯರು ನಮ್ಮೆಲ್ಲರ ಪಾಸ್‌ಪೋರ್ಟುಗಳನ್ನು ತೆಗೆದುಕೊಂಡರು. ಅತ್ತೆಯವರಿಗೆ ಕಳವಳವಾಯಿತು, ಪರದೇಶದಲ್ಲಿ ಪಾಸ್‌ಪೋರ್ಟನ್ನು ಸೆರಗಿನಿಂದಾಚೆ ಬಿಡಬಾರದೆಂದು ಅವರಿಗೆ ಪಕ್ಕದ ಮನೆಯವರು ಹೇಳಿ ಕಳಿಸಿದ್ದರು. ಹೋಟೆಲಿಗೆ ಬಂದವರ ವಿವರವನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕೆಂಬ ನಿಯಮ ಇಟಲಿಯಲ್ಲಿದೆ, ಅದರ ಮೂಲ 1931ರ ಜೂನ್ 18ರ ಕಾನೂನು ಎಂದು ನಾದಿನಿ ವಿವರಿಸಿದಳು. ಕಾನೂನು, ದಿನಾಂಕ ಎಂಬ ಎರಡು ಶಬ್ದಗಳು ಕಿವಿಗೆ ಬಿದ್ದದ್ದೇ ಮಾವನವರು ಡೈರಿ ತೆಗೆದರು. ನಾವು ಆಗಷ್ಟೇ ದಾಟಿ ಬಂದ ಸ್ಟೇಷನ್ನಿನ ಉದ್ಘಾಟನೆಯಾದದ್ದು ಅದೇ ವರ್ಷದ ಜುಲೈ 1ರಂದು ಎಂಬುದನ್ನು ಅವರು ಮೈಸೂರಿನಲ್ಲೇ ಓದಿಕೊಂಡು ಬಂದಿದ್ದರು. "ನೋಡಮ್ಮ, ಮೊದಲು ಬಂದಿಳಿಯೋರನ್ನ ಬರ್ಕೊಳೋಕೆ ಕಾನೂನು, ಆಮೇಲೆ ಇಳಿಯೋಕೆ ಸ್ಟೇಷನ್ನು. ಇದಕ್ಕೇ ಪ್ಲಾನಿಂಗ್ ಅನ್ನೋದು," ಎಂದರು. ಆಗ ಅಧಿಕಾರದಲ್ಲಿದ್ದವನು ಮುಸೊಲಿನಿ ಎಂದು ನಮ್ಮವರು ನೆನಪಿಸಿದ ಮೇಲೆ ಪ್ರಶಂಸೆಯ ಮಟ್ಟ ತುಸು ಇಳಿಯಿತಾದರೂ, ಬರೆದುಕೊಂಡದ್ದನ್ನು ಅವರು ಹೊಡೆದುಹಾಕಲಿಲ್ಲ.

ಈ ಗದ್ದಲದಲ್ಲಿ ನಾದಿನಿ, ತನ್ನ ತಂದೆ ಎಂಜಿನಿಯರ್ ಎಂದು ಸ್ವಾಗತಕಾರರಿಗೆ ಬಾಯಿತಪ್ಪಿ ಹೇಳಿಬಿಟ್ಟಳು. ಇಟಲಿಯಲ್ಲಿ ಎಂಜಿನಿಯರಿಕೆ ಬರಿಯ ಉದ್ಯೋಗವಾಗಿ ಉಳಿದಿಲ್ಲ. ನಾವು ಡಾಕ್ಟರನ್ನು ಡಾಕ್ಟರೇ ಎಂದು ಕರೆಯುವ ಹಾಗೆ ಅವರು ಎಂಜಿನಿಯರನ್ನು 'ಇಂಜೆನ್ಯೇರೆ' ಎಂದು ಗೌರವದಿಂದ ಸಂಬೋಧಿಸುತ್ತಾರೆ. ಆ ಹಿರಿಯರು ಎದ್ದು ನಿಂತು, ತಲೆ ಬಾಗಿಸಿ, "ಬೆನ್ವೆನೂತೊ, ಇಂಜೆನ್ಯೇರೆ" ಎಂದರು. ಇಲಾಖೆಯ ಜೀಪು ಹಿಂತಿರುಗಿಸಿದ ದಿನದಿಂದ ಮಾವನವರನ್ನು ಯಾರೂ ಎದ್ದು ನಿಂತು ಕರೆದಿರಲಿಲ್ಲ. ಆ ಗಳಿಗೆಯಿಂದ ಹೋಟೆಲಿನ ಕಟ್ಟಡ ತಮ್ಮ ಉಪವಿಭಾಗಕ್ಕೆ ಸೇರಿತೆಂದು ಅವರು ಭಾವಿಸಿದರು.

ಮೊದಲ ತಪಾಸಣೆ ಲಿಫ್ಟಿನದು. ಹಳೆಯ ಕಟ್ಟಡ, ಮೆಟ್ಟಿಲುಗಳ ನಡುವಿನ ಟೊಳ್ಳಿನಲ್ಲಿ ಆಮೇಲೆ ಯಾರೋ ತೂರಿಸಿದ ಲಿಫ್ಟು. ಮೂರು ಜನ ಅಥವಾ 240 ಕಿಲೋ ಎಂದು ಫಲಕವಿತ್ತು. ಹೊರಬಾಗಿಲನ್ನು ಕೈಯಿಂದಲೇ ಹಾಕಬೇಕು. ಹಾಕದೆ ಹೋದರೆ ಲಿಫ್ಟು ಆ ಅಂತಸ್ತು ಬಿಟ್ಟು ಕದಲುವುದಿಲ್ಲ. ಹುಣಸೆ ಗೊಜ್ಜು, ಚಟ್ನಿಪುಡಿ, ಗಟ್ಟಿ ಅವಲಕ್ಕಿ, ಹುರಿಹಿಟ್ಟುಗಳಿಂದ ತುಂಬಿದ ಅತ್ತೆಯವರ ಸೂಟ್‌ಕೇಸನ್ನು ಒಬ್ಬ ಪ್ರಯಾಣಿಕನೆಂದು ಲೆಕ್ಕ ಹಿಡಿಯಬೇಕೆಂದು ಮಾವನವರು ತೀರ್ಪಿತ್ತದ್ದರಿಂದ, ನಾನೂ ನಮ್ಮವರೂ ಮೆಟ್ಟಿಲು ಹತ್ತಿದೆವು.

ಅತ್ತೆಯವರು ರಾತ್ರಿ ಮಲಗುವ ಮುನ್ನ ಒಂದು ಲೋಟ ಬಿಸಿನೀರು ಕುಡಿಯುವವರು. ಕೋಣೆಯಲ್ಲಿ ಕೆಟಲ್ ಇರಲಿಲ್ಲ. ಕಾಫಿ ಕುಡಿಯಲು ಬೀದಿಗೊಂದರಂತೆ ಬಾರುಗಳಿರುವ ದೇಶದಲ್ಲಿ ಕೋಣೆಯೊಳಗೆ ನೀರು ಕಾಯಿಸಿಕೊಳ್ಳುವುದು ಅವರಿಗೆ ಅಗತ್ಯವೆನಿಸಿದಂತಿಲ್ಲ. ಅತ್ತೆ ಇದನ್ನು ಊಹಿಸಿಯೇ ಊರಿನಿಂದ ಒಂದು ಕೆಟಲ್ ತಂದಿದ್ದರು. ಆದರೆ ಅದರ ಮೂರು ದಪ್ಪ ಕಡ್ಡಿಗಳು ತ್ರಿಕೋನವಾಗಿ ನಿಂತಿದ್ದರೆ, ಗೋಡೆಯ ಸಾಕೆಟ್ಟಿನ ಮೂರು ತೂತುಗಳು ಒಂದೇ ಸಾಲಿನಲ್ಲಿದ್ದವು. ಅದರಲ್ಲೂ ಎರಡು ಜಾತಿ: ಹತ್ತು ಆಂಪಿಯರಿನದಕ್ಕೆ ಸಣ್ಣ ತೂತು, ಹದಿನಾರರದಕ್ಕೆ ದೊಡ್ಡದು. ಮಾವನವರು ಅಳತೆಪಟ್ಟಿ ಹಿಡಿದು ಮಂಡಿಯೂರಿ, ಎರಡರ ಅಂತರವನ್ನೂ ಡೈರಿಗೆ ಇಳಿಸಿ, ಒಂದೇ ದೇಶದ ಒಂದೇ ಗೋಡೆಯಲ್ಲಿ ಎರಡು ಅಳತೆ ಇಟ್ಟವರ ಬಗ್ಗೆ ಸುದೀರ್ಘವಾಗಿ ಮಾತಾಡಿದರು. "ಇದೆಲ್ಲ ಆಯ್ತು, ನೀರು?" ಎಂದರು ಅತ್ತೆ. ಕೊನೆಗೆ ನಾನು ಕೆಳಗೆ ಹೋಗಿ ಬಿಸಿನೀರು ಕೇಳಿದೆ. ಅದು ಬಸಿಯ ಮೇಲೆ ಕುಳಿತು, ಪಕ್ಕದಲ್ಲಿ ನಿಂಬೆಹಣ್ಣಿನ ಹೋಳು, ಸಕ್ಕರೆಯ ಪೊಟ್ಟಣ, ಚಮಚಗಳ ಪರಿವಾರದೊಂದಿಗೆ ಬಂತು. ಬರಿ ಬಿಸಿನೀರನ್ನು ಕುಡಿಯುವವರಿಗೆ ಮೈ ಸರಿಯಿಲ್ಲವೆಂದು ಸ್ವಾಗತಕಾರರು ತಿಳಿದುಕೊಂಡರು. ಮರುದಿನದ ಪ್ರಸಂಗಕ್ಕೆ ಈ ತಿಳಿವಳಿಕೆಯೇ ಪೀಠಿಕೆ.

ಇಟಲಿಯ ಹೋಟೆಲುಗಳ ಬಚ್ಚಲಿನಲ್ಲಿ, ಶವರಿನ ಪಕ್ಕ, ಸಾಮಾನ್ಯವಾಗಿ ಚಾವಣಿಯ ಕಡೆಯಿಂದ ಒಂದು ದಾರ ಇಳಿಬಿದ್ದಿರುತ್ತದೆ. ಜಾರಿ ಬಿದ್ದವರು ಅದನ್ನು ಎಳೆದರೆ ಕೆಳಗೆ ಗಂಟೆ ಬಾರಿಸುತ್ತದೆ. ಅತ್ತೆಯವರು ಮಡಿಯವರು, ಮಾವನವರ ಪಂಚೆಯನ್ನು ಬೆಳಿಗ್ಗೆಯೇ ಒಗೆದು ಕೈಗೆ ಸಿಕ್ಕದಂತೆ ಎತ್ತರದಲ್ಲಿ ಹರವಿ ಒಣಗಿಸದೆ ಅವರಿಗೆ ತಿಂಡಿ ಸೇರುವುದಿಲ್ಲ. ದಾರವನ್ನು ನೋಡಿದರು, ಎದುರು ಗೋಡೆಯಲ್ಲಿದ್ದ ಟವೆಲ್ ಕಂಬಿಯನ್ನು ನೋಡಿದರು. ಹೋಟೆಲಿನವರು ಎಷ್ಟು ಅನುಕೂಲ ಮಾಡಿಟ್ಟಿದ್ದಾರೆ ಎಂದುಕೊಂಡು, ದಾರವನ್ನು ಬಿಗಿಯಾಗಿ ಅಡ್ಡಕ್ಕೆ ಎಳೆದು ಕಂಬಿಗೆ ಎರಡು ಗಂಟು ಹಾಕಿ ಪಂಚೆ ಹರವಿದರು. ಗಂಟೆ ಬಾರಿಸಿದ್ದು ಅವರಿಗೆ ಕೇಳಿಸುವಂತಿರಲಿಲ್ಲ. ಕೆಳಗೆ ಅದು ನಿಲ್ಲದೆ ಬಾರಿಸುತ್ತಿತ್ತು. ರಾತ್ರಿ ಬಿಸಿನೀರು ತರಿಸಿಕೊಂಡಿದ್ದ ಅಸ್ವಸ್ಥ ಮಹಿಳೆಯ ಕೋಣೆಯದೇ ಎಂದು ತಿಳಿದು, ಆ ಹಿರಿಯರು ಲಿಫ್ಟಿಗೂ ಕಾಯದೆ, ಔಷಧಿ ಪೆಟ್ಟಿಗೆ ಹಿಡಿದು ಮೂರು ಅಂತಸ್ತು ಓಡಿ ಬಂದರು. ಬಾಗಿಲು ತೆರೆದದ್ದು ವಿಭೂತಿ ಧರಿಸಿ, ಹೆಗಲಿಗೆ ಟವೆಲ್ ಹೊದ್ದಿದ್ದ ಇಂಜೆನ್ಯೇರೆ. ಒಳಗೆ ಪಂಚೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ವಾಗತಕಾರರು ಒಂದು ಮಾತೂ ಆಡದೆ, ಪಂಚೆಯನ್ನು ಎರಡೂ ಕೈಯಲ್ಲಿ ತೆಗೆದು ಮಡಿಸಿ, ಅತ್ತೆಯವರ ಕೈಗೆ ಕೊಟ್ಟು, ಗಂಟನ್ನು ಬಿಚ್ಚಲು ನಿಂತರು. ಅದು ಹೊಲಿಗೆಯಷ್ಟು ಬಿಗಿಯಾಗಿ ಕೂತಿದ್ದರಿಂದ ಕೊನೆಗೆ ಅತ್ತೆಯವರೇ ಬಿಚ್ಚಿಕೊಡಬೇಕಾಯಿತು. ಅವರ ಕೈ ತಾಗಿದ ಪಂಚೆಯನ್ನು ಅತ್ತೆ ಮತ್ತೆ ಒಗೆದರೆಂಬುದನ್ನು ನಾವು ಹೋಟೆಲಿನವರಿಗೆ ತಿಳಿಸಲಿಲ್ಲ. ಮಾವನವರು ಮಾತ್ರ ಗಡಿಯಾರ ನೋಡಿ ಬರೆದುಕೊಂಡರು: "ಅಲಾರಂ ಪರೀಕ್ಷಿಸಲಾಯಿತು. ಎರಡು ನಿಮಿಷದೊಳಗೆ ಸಿಬ್ಬಂದಿ ಹಾಜರು. ತೃಪ್ತಿಕರ."

ಅದೇ ಬಚ್ಚಲಿನಲ್ಲಿ, ಶೌಚದ ನಂತರ ತೊಳೆದುಕೊಳ್ಳಲೆಂದು ಇಟ್ಟಿದ್ದ 'ಬಿಡೆ' ಎಂಬ ತೊಟ್ಟಿಯ ವಿಷಯದಲ್ಲಿ ಅತ್ತೆಯವರು ಯಾರ ಸಲಹೆಯನ್ನೂ ಕೇಳಲಿಲ್ಲ. ಇಟಲಿಯ ಪ್ರತಿ ಮನೆಯ ಒಂದು ಬಚ್ಚಲಿನಲ್ಲಾದರೂ ಬಿಡೆ ಇರಲೇಬೇಕೆಂದು 1975ರ ಸರ್ಕಾರಿ ಆದೇಶ ಹೇಳುತ್ತದೆ. ಮೊಣಕಾಲೆತ್ತರದಲ್ಲಿ ನಲ್ಲಿ, ಕೆಳಗೊಂದು ಪುಟ್ಟ ತೊಟ್ಟಿ: ಹೊರಗಿನಿಂದ ಬಂದವರು ಕಾಲು ತೊಳೆದುಕೊಂಡು ಒಳಗೆ ಬರಲೆಂದೇ ಮಾಡಿಸಿದ್ದಾರೆ ಎಂದು ಅವರು ನಿರ್ಧರಿಸಿ, ಪೇಟೆಯಿಂದ ಬಂದಾಗಲೆಲ್ಲ ಎಲ್ಲರನ್ನೂ ಸಾಲಾಗಿ ಅಲ್ಲಿಗೆ ಕಳಿಸಿದರು. ಇಟಲಿಯವರೂ ಅದರಲ್ಲಿ ಕಾಲು ತೊಳೆಯುವುದುಂಟು ಎಂದು ನಾದಿನಿ ಹೇಳಿದ ಮೇಲೆ ಅದರ ಉಳಿದ ಉಪಯೋಗಗಳ ಪ್ರಸ್ತಾಪವನ್ನು ಯಾರೂ ಎತ್ತಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಚಳಿ. ಏಪ್ರಿಲ್ 25ರ ರಜೆಯ ಹೊತ್ತಿಗೆ ಮಳೆ ಹಿಡಿದು ಕೋಣೆ ತಣ್ಣಗಾಯಿತು. ಗೋಡೆಯ ಮೇಲಿದ್ದ ಗುಂಡಿಯನ್ನು ಯಾವ ಕಡೆಗೆ ತಿರುಗಿಸಿದರೂ ಬರುತ್ತಿದ್ದದ್ದು ಒಂದೇ ಉಷ್ಣತೆಯ ಗಾಳಿ. ಕೇಳಿದಾಗ ಸಿಕ್ಕ ಉತ್ತರ ಹೀಗಿತ್ತು: ಕಟ್ಟಡದ ಕೊಳವೆಗಳಲ್ಲಿ ಒಂದು ಕಾಲಕ್ಕೆ ಬಿಸಿನೀರು ಹರಿಯಬಲ್ಲದು ಅಥವಾ ತಣ್ಣೀರು ಹರಿಯಬಲ್ಲದು, ಒಂದು ಕೋಣೆಗೆ ಬೇಸಿಗೆ, ಇನ್ನೊಂದಕ್ಕೆ ಚಳಿಗಾಲ ಕೊಡಲು ಬರುವುದಿಲ್ಲ. ಹವಾಮಾನಕ್ಕನುಗುಣವಾಗಿ ಇಟಲಿಯನ್ನು ವಲಯಗಳಾಗಿ ವಿಂಗಡಿಸಿದ್ದಾರೆ. ಮಿಲಾನ್ ಸೇರುವ 'ಇ' ವಲಯದ ಮನೆಗಳಲ್ಲಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ, ದಿನಕ್ಕೆ ಹದಿನಾಲ್ಕು ಗಂಟೆ ಮಾತ್ರ ಮನೆ ಬೆಚ್ಚಗಿಡುವ ಯಂತ್ರ ನಡೆಸಬಹುದೆಂಬುದು ಸಾಮಾನ್ಯ ನಿಯಮ. ನಮ್ಮ ಹೋಟೆಲಿನವರೂ ಅದೇ ಪಂಚಾಂಗವನ್ನು ನೆಚ್ಚಿಕೊಂಡು ಯಂತ್ರವನ್ನು ಆರಿಸಿದ್ದರು. ಕಂಬಳಿಗಾಗಿ ಜಗಳಕ್ಕೆ ಸಿದ್ಧರಾಗಿ ಇಳಿದುಹೋಗಿದ್ದ ಮಾವನವರು, ವಲಯ, ದಿನಾಂಕ, ಗಂಟೆಗಳ ಮಿತಿಯನ್ನು ಕೇಳಿದೊಡನೆ ಮೆತ್ತಗಾಗಿ ಹಿಂತಿರುಗಿದರು. "ಸರ್ಕಾರದ ಲೆಕ್ಕದಲ್ಲಿ ಚಳಿ ಮುಗಿದು ಹತ್ತು ದಿನ ಆಗಿದೆ. ಇನ್ನು ನಮಗೆ ಆಗ್ತಿರೋದು ಚಳಿ ಅಲ್ಲ," ಎಂದು ಅತ್ತೆಯವರಿಗೆ ಹೇಳಿ, ತಾವು ಮಾತ್ರ ಮಫ್ಲರ್, ಕಾಲುಚೀಲ, ಸ್ವೆಟರುಗಳನ್ನು ಏರಿಸಿಕೊಂಡು ಮಲಗಿದರು. ಹೆಚ್ಚಿನ ಕಂಬಳಿ ಬೀರುವಿನ ಮೇಲಿನ ಅರೆಯಲ್ಲಿಯೇ ಮಡಿಸಿ ಇಟ್ಟಿತ್ತು. ಅತ್ತೆಯವರು ಅದನ್ನು ಮೊದಲೇ ಕಂಡು ಹೊದ್ದುಕೊಂಡಿದ್ದರು, ಬಾಯಿಬಿಟ್ಟಿರಲಿಲ್ಲ.

ಕಿಟಕಿಗೆ ಹೊರಗಿನಿಂದ ಅಂಗಡಿಯ ಶಟರಿನಂಥ ಸುರುಳಿ ಪರದೆ. ಗೋಡೆಯ ಪಕ್ಕದ ಪಟ್ಟಿಯನ್ನು ಎಳೆದರೆ ಏರುತ್ತದೆ, ನಿಧಾನವಾಗಿ ಬಿಟ್ಟರೆ ಇಳಿಯುತ್ತದೆ. ಇಳಿಸಿದರೆ ಹಗಲೋ ರಾತ್ರಿಯೋ ತಿಳಿಯದಷ್ಟು ಕತ್ತಲೆ. ಮಿಲಾನಿನಲ್ಲಿ 1928ರ ಮಾದರಿಯ ಟ್ರಾಮುಗಳು, ಮರದ ಬೆಂಚುಗಳ ಸಮೇತ, ಇಂದಿಗೂ ದಿನನಿತ್ಯದ ಕೆಲಸದಲ್ಲಿವೆ ಎಂದು ತಿಳಿದ ಮಾವನವರು, ತಮಗಿಂತ ಹಿರಿಯ ವಾಹನವೊಂದು ಇನ್ನೂ ನಿವೃತ್ತಿಯಾಗದೆ ಬರುವುದನ್ನು ಕಾಣಲು ಬೆಳಗಿನ ಜಾವವೇ ಎದ್ದು ಪರದೆಯನ್ನು ಪೂರ್ತಿ ಏರಿಸಿದರು. ಟ್ರಾಮಿನ ಗಂಟೆ ಕೇಳಿಸಿತು, ಕನ್ನಡಕಕ್ಕಾಗಿ ಅವರು ಪಟ್ಟಿಯನ್ನು ಬಿಟ್ಟು ತಿರುಗಿದರು, ಪರದೆ ತನ್ನ ಇಡೀ ತೂಕದೊಂದಿಗೆ ಕೆಳಕ್ಕೆ ಬಂತು. ಗೋಡೆಯಾಚೆಯಿದ್ದ ನಮಗೆ ಕಟ್ಟಡದ ಒಂದು ಭಾಗ ಕುಸಿದಿದೆ ಎನಿಸಿತು. ಮೂರನೇ ಅಂತಸ್ತಿನ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದವು. ಕತ್ತಲೆಯಲ್ಲಿ ಕನ್ನಡಕ ಸಿಗುವ ಹೊತ್ತಿಗೆ ಟ್ರಾಮು ಹೋಗಿಯಾಗಿತ್ತು.

ತಿಂಡಿಯಲ್ಲಿ ಮಿಲಾನಿನವರು ಬ್ರಿಯೋಶ್ ಎನ್ನುವ ಸಿಹಿ ಬನ್ನು, ಹಣ್ಣಿನ ಜಾಮು, ಕೇಕು, ಹಂದಿಮಾಂಸದ ತೆಳು ಹಾಳೆಗಳು ಇದ್ದವು. ಮೊಟ್ಟೆಯ ಸಂಶಯದಿಂದ ಬನ್ನನ್ನೂ ಕೇಕನ್ನೂ ತಿರಸ್ಕರಿಸಿದ ಅತ್ತೆಯವರ ಪಾಲಿಗೆ ಉಳಿದದ್ದು, ಪದಾರ್ಥಗಳ ಪಟ್ಟಿಯನ್ನು ಓದಿಸಿ ಖಚಿತಪಡಿಸಿಕೊಂಡ ರಸ್ಕಿನಂಥ ಒಣ ಹೋಳುಗಳು. ಕೈಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದು ಅದರ ಮೇಲೆ ಉದುರಿಸಿಕೊಂಡರು. ಪುಡಿ ನಿಲ್ಲದೆ ಜಾರಿ ಬಿಳಿಯ ಮೇಜುಬಟ್ಟೆಯ ಮೇಲೆ ಬಿತ್ತು. ಕಾಫಿ ತರುತ್ತಿದ್ದ ಹೆಂಗಸು ನಿಂತು ನೋಡಿದಳು. ಬೈಯುತ್ತಾಳೆಂದು ನಾವು ಮುದುಡಿಕೊಂಡೆವು. ಅವಳು ಒಳಗೆ ಹೋಗಿ ಆಲಿವ್ ಎಣ್ಣೆಯ ಸೀಸೆ ತಂದು, ಪುಡಿಗೆ ಎಣ್ಣೆಯಿಲ್ಲದೆ ಹೇಗೆ ತಿನ್ನುತ್ತೀರಿ ಎಂಬ ಮುಖಭಾವದಿಂದ ಅತ್ತೆಯವರ ಮುಂದೆ ಇಟ್ಟಳು. ಇಬ್ಬರಿಗೂ ಒಂದು ಭಾಷೆಯಿರಲಿಲ್ಲ. ಮರುದಿನದಿಂದ ಸೀಸೆ ನಾವು ಬರುವ ಮೊದಲೇ ಮೇಜಿನ ಮೇಲಿರುತ್ತಿತ್ತು. "ಪರವಾಗಿಲ್ಲ, ಆದ್ರೆ ಕಡಲೆಕಾಯಿ ಎಣ್ಣೆ ಘಮ ಇಲ್ಲ," ಎಂಬುದು ಅತ್ತೆಯವರ ಅಂತಿಮ ವರದಿ.

ಹೊರಡುವ ದಿನ ನಗರಪಾಲಿಕೆಯ ತಂಗುವಿಕೆಯ ತೆರಿಗೆಯ ಚೀಟಿ ಬಂತು. ಕೋಣೆಯ ಬಾಡಿಗೆಯನ್ನು ಮುಂಚೆಯೇ ಕಟ್ಟಿದ್ದರೂ, ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಅದನ್ನು ಬೇರೆಯಾಗಿ ತೆರಬೇಕು. ಮಾವನವರು ತಲೆಗಳನ್ನೂ ರಾತ್ರಿಗಳನ್ನೂ ಗುಣಿಸಿ, ಲೆಕ್ಕ ಸರಿಯಾಗಿರುವುದನ್ನು ಕಂಡು ಸ್ವಲ್ಪ ನಿರಾಶರಾದರು. ರಸೀದಿಗೆ ಮೊಹರು ಬೇಕೆಂದರು. ಕಂಪ್ಯೂಟರ್ ರಸೀದಿಗೆ ಮೊಹರು ಯಾಕೆಂದು ನಮ್ಮವರು ಗೊಣಗಿದರೂ, ಸ್ವಾಗತಕಾರರಿಗೆ ಅದು ಸಹಜವಾದ ಬೇಡಿಕೆಯಾಗಿ ಕಂಡಿತು. ಡ್ರಾಯರಿನಿಂದ ಮೊಹರನ್ನೂ ಶಾಯಿಯ ಗಾದಿಯನ್ನೂ ತೆಗೆದು, ಮೊದಲು ಬೇರೊಂದು ಕಾಗದದ ಮೇಲೆ ಒತ್ತಿ ನೋಡಿ, ಆಮೇಲೆ ರಸೀದಿಯ ಮೇಲೆ ನೇರವಾಗಿ ಒತ್ತಿದರು. ಇಬ್ಬರು ನೌಕರಶಾಹಿಗಳೂ ಅದನ್ನು ಮೆಚ್ಚುಗೆಯಿಂದ ನೋಡುತ್ತ ನಿಂತರು.

ಅಷ್ಟರಲ್ಲಿ ಮೇಲಿನಿಂದ ಅತ್ತೆಯವರ ದನಿ ಮೆಟ್ಟಿಲುಗಳ ನಡುವೆ ಇಳಿದು ಬಂತು: "ರೀ, ಲಿಫ್ಟು ಬರ್ತಿಲ್ಲ! ಯಾರೋ ಪುಣ್ಯಾತ್ಮರು ಬಾಗಿಲು ಹಾಕಿಲ್ಲ!" ಮಲ್ಪೆನ್ಸಾ ವಿಮಾನ ನಿಲ್ದಾಣದ ರೈಲಿಗೆ ಹೊತ್ತಾಗುತ್ತಿತ್ತು. ಈ ಹೋಟೆಲಿನಲ್ಲಿ ಇಳಿದುಕೊಳ್ಳುವವರಿಗೆ ಶಿಸ್ತೇ ಇಲ್ಲವೆಂದು ಮಾವನವರು ರಸೀದಿಯ ಶಾಯಿಗೆ ಗಾಳಿ ಊದುತ್ತಲೇ ಹೇಳಿದರು. ಸ್ವಾಗತಕಾರರು ಕಟ್ಟೆಯಿಂದ ಹೊರಬಂದು, ಸ್ವಲ್ಪ ಹೊತ್ತಿಗೆ ಮುಂಚೆ ಮಾವನವರು ಕೆಳಗಿಳಿದು ಬಂದಿದ್ದ ಲಿಫ್ಟಿನ ಬಳಿಗೆ ಹೋಗಿ, ಬಾಗಿಲಿಗೆ ಅಡ್ಡವಾಗಿ ಇರಿಸಿದ್ದ ನಮ್ಮ ಸೂಟ್‌ಕೇಸನ್ನು ಪಕ್ಕಕ್ಕೆ ಸರಿಸಿ, ಬಾಗಿಲನ್ನು ಸದ್ದಾಗದಂತೆ ಹಾಕಿದರು. ಲಿಫ್ಟು ಮೇಲಕ್ಕೆ ಹೊರಟಿತು. "ಪ್ರೇಗೊ, ಇಂಜೆನ್ಯೇರೆ," ಎಂದರು. ಮಾವನವರು ಡೈರಿಯನ್ನು ತೆರೆಯಲಿಲ್ಲ.