ಮನಿ ಪ್ಲಾಂಟ್ ಇಟ್ಟರೆ ಅಕ್ವೇರಿಯಂ ನೀರು ಬದಲಿಸಬೇಕಿಲ್ಲವೇ? ಒಂದು ಸ್ಪಷ್ಟನೆ

"ದೊಡ್ಡ ಅಕ್ವೇರಿಯಂಗೆ ಮನಿ ಪ್ಲಾಂಟ್ ಬೇರು ಇಳಿಬಿಡಿ, ಇಲ್ಲವೇ ಪಾಚಿ ಬೆಳೆಸಿ. ನೈಟ್ರೇಟ್ ಸೊನ್ನೆಯಾಗುತ್ತದೆ, ಮತ್ತೆ ನೀರು ಬದಲಿಸುವ ಕೆಲಸವೇ ಇಲ್ಲ" ಎಂಬ ಮಾತು ಮೀನು ಸಾಕುವವರ ನಡುವೆ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ನೈಟ್ರೇಟ್ ಎಂದರೆ ಮೀನಿನ ತ್ಯಾಜ್ಯದಿಂದ ನೀರಿನಲ್ಲಿ ಸೇರಿಕೊಳ್ಳುತ್ತಾ ಹೋಗುವ ಸಾರಜನಕದ ಸಂಯುಕ್ತ. ಗಿಡ ಅದನ್ನು ಹೀರುವುದು ಹೌದು. ಆದರೆ ಎಷ್ಟು? 1000 ಲೀಟರ್ ಟ್ಯಾಂಕಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ಇದ್ದರೆ ಒಟ್ಟು 40 ಗ್ರಾಂ ನೈಟ್ರೇಟ್. ಅದರಲ್ಲಿ ಸಾರಜನಕ ಸುಮಾರು 9 ಗ್ರಾಂ. ಒಣಗಿದ ಗಿಡದ ತೂಕದಲ್ಲಿ ಸಾರಜನಕ ಶೇ 3 ಎಂದುಕೊಂಡರೆ 300 ಗ್ರಾಂ ಒಣ ಸೊಪ್ಪು ಬೇಕು. ಹಸಿಯಲ್ಲಿ ಅದು ಸುಮಾರು 3 ಕಿಲೋ, ಕೆಲವು ಗಿಡಗಳಲ್ಲಿ ಇನ್ನೂ ಜಾಸ್ತಿ. ಅಷ್ಟೂ ಹೊಸದಾಗಿ ಬೆಳೆಯಬೇಕು, ನೀವು ಕತ್ತರಿಸಿ ಹೊರಗೆ ಹಾಕಬೇಕು. ಒಳಗೇ ಕೊಳೆತರೆ ಹೀರಿದ್ದು ನೀರಿಗೇ ವಾಪಸ್. ಅಷ್ಟರಲ್ಲಿ ಮೀನು ದಿನಾ ತಿನ್ನುತ್ತಲೇ ಇರುತ್ತದೆ, ಹೊಸ ನೈಟ್ರೇಟ್ ಸೇರುತ್ತಲೇ ಇರುತ್ತದೆ, ಅಲ್ವಾ?

ಅಕ್ವೇರಿಯಂ ಗಿಡಗಳಲ್ಲಿ ಅನುಬಿಯಾಸ್, ಜಾವಾ ಫರ್ನ್ ಬೆಳೆಯುವುದು ತುಂಬಾ ನಿಧಾನ. ಇವನ್ನು ಚೆಂದಕ್ಕೆ ಇಟ್ಟುಕೊಳ್ಳಿ. ಅಂತರಗಂಗೆ, ಹಾರ್ನ್‌ವರ್ಟ್ ಬೇಗ ಬೆಳೆಯುತ್ತವೆ. ಮನಿ ಪ್ಲಾಂಟ್ ಕೂಡ ಪರವಾಗಿಲ್ಲ, ಎಲೆ ಗಾಳಿಯಲ್ಲೇ ಇರುವುದರಿಂದ ಇಂಗಾಲದ ಡೈಆಕ್ಸೈಡ್‌ಗೆ ಕೊರತೆ ಇಲ್ಲ.

ಪಾಚಿಯ ಉಪಾಯವೂ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಬೆಳಕು ಬಿದ್ದ ಜಾಲರಿಯ ಮೇಲೆ ನೀರು ಹರಿಸಿ ಪಾಚಿ ಬೆಳೆಸುವ ಸ್ಕ್ರಬ್ಬರ್ (ನೀರು ಶುದ್ಧಿ ಮಾಡುವ ಸಾಧನ) ರೂಪಿಸಿದರು. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ತೆರೆದ ಬೃಹತ್ ಹವಳದ ಅಕ್ವೇರಿಯಂ ಅದನ್ನು ಬಳಸಿತ್ತು. ಅಲ್ಲೂ ಪಾಚಿಯನ್ನು ಆಗಾಗ ಕೆರೆದು ತೆಗೆಯಲೇಬೇಕಿತ್ತು. ಗಾಜಿಗೆ ಅಂಟಿದ ಪಾಚಿಯನ್ನು ತೆಗೆಯದೆ ಹಾಗೇ ಬಿಡುವುದು ಬೇರೆ ವಿಷಯ, ಹೀರಿದ್ದು ಟ್ಯಾಂಕಿನಲ್ಲೇ ಉಳಿಯುತ್ತದೆ.

ಇನ್ನೊಂದು ಮಾತು. ನೀರು ಬದಲಿಸುವುದು ನೈಟ್ರೇಟ್‌ಗೆ ಮಾತ್ರ ಅಲ್ಲ. ಮೀನಿನ ತ್ಯಾಜ್ಯದ ಅಮೋನಿಯಾ ನೈಟ್ರೇಟ್ ಆಗುವಾಗ ನೀರಿನ ಕ್ಷಾರತೆ, ಅಂದರೆ ಆಮ್ಲವನ್ನು ತಡೆಯುವ ಶಕ್ತಿ, ಖರ್ಚಾಗುತ್ತದೆ. ಅದು ತೀರಿದರೆ ಪಿಎಚ್ ಕುಸಿದು ನೀರು ಆಮ್ಲೀಯವಾಗುತ್ತದೆ. ಗಿಡ ಚೆನ್ನಾಗಿದ್ದರೆ ಬದಲಿಸುವ ನೀರು ಕಡಿಮೆ ಮಾಡಬಹುದು. ಎಷ್ಟು ಎಂಬುದನ್ನು ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ನೋಡಿ ತೀರ್ಮಾನಿಸಿ.