ಹುಡುಗ ಹೊಟ್ಟೆನೋವು ಅಂದರೆ ಕೆಳಗೂ ನೋಡಿ

ಇವತ್ತು ಬೆಳಿಗ್ಗೆ ಪೋಷಕರ ವಾಟ್ಸಾಪ್ ಗ್ರೂಪೊಂದರಲ್ಲಿ ಒಂದು ಮೆಸೇಜ್ ನೋಡಿದೆ. "ಮಗನಿಗೆ 13 ವರ್ಷ. ರಾತ್ರಿ ಎರಡು ಗಂಟೆಯಿಂದ ಕಿಬ್ಬೊಟ್ಟೆ ನೋವು. ಎರಡು ಸಲ ವಾಂತಿ ಆಯ್ತು. ಏನು ಕೊಡಲಿ?" ಕೆಳಗೆ ಸಾಲುಸಾಲು ಉತ್ತರ. ಓಂಕಾಳಿನ ಕಷಾಯ ಕೊಡಿ. ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ. ಉಷ್ಣ ಆಗಿರುತ್ತೆ, ಎಳನೀರು ಕುಡಿಸಿ. ಗ್ಯಾಸಿನ ಮಾತ್ರೆ ಕೊಟ್ಟು ಮಲಗಿಸಿ, ಬೆಳಿಗ್ಗೆ ಹತ್ತಕ್ಕೆ ಡಾಕ್ಟರ್ ಬಂದ ಮೇಲೆ ಹೋದರಾಯ್ತು. "ಬೀಜ ನೋಡಿದ್ರಾ?" ಅಂತ ಒಬ್ಬರೂ ಕೇಳಲಿಲ್ಲ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಬರೆದವರು. ಅದಕ್ಕೇ ಇನ್ನಷ್ಟು ಸಂಕಟವಾಯಿತು.

ಆ ಹುಡುಗನದು ಬರೀ ಅಜೀರ್ಣವೇ ಇದ್ದೀತು. ಆದರೆ ಹನ್ನೆರಡರಿಂದ ಹದಿನೆಂಟರ ಹುಡುಗ ನಡುರಾತ್ರಿ ನಿದ್ದೆಯಿಂದ ಎದ್ದು, ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡಿದರೆ ಮೊದಲು ನೋಡಬೇಕಾದದ್ದು ಅವನ ಬೀಜಗಳನ್ನು. ಬೀಜ ತಿರುಚಿಕೊಂಡಿರಬಹುದು. ಕಷಾಯ ಆಮೇಲೆ. ಬೀಜ ಅಂತಲೇ ಬರೆಯುತ್ತೇನೆ. ವೃಷಣ ಅನ್ನುವ ಪದ ಪಠ್ಯಪುಸ್ತಕದಲ್ಲಿದೆ, ಮನೆಯಲ್ಲಿ ಯಾರೂ ಆಡುವುದಿಲ್ಲ. ಬೀಜ ಅನ್ನುವುದನ್ನು ಬೈಗುಳಕ್ಕೆ ಬಿಟ್ಟುಕೊಟ್ಟಿದ್ದೇವೆ. ಹೀಗಾಗಿ ನೋವು ಬಂದ ಹುಡುಗನ ಬಾಯಲ್ಲಿ ಹೇಳಲು ಪದವೇ ಇಲ್ಲ. ಅವನು "ಹೊಟ್ಟೆನೋವು" ಅನ್ನುತ್ತಾನೆ.

ನಾಚಿಕೆ ಒಂದೇ ಕಾರಣ ಅಲ್ಲ, ಅದನ್ನೂ ಹೇಳಬೇಕು. ಕೆಲವು ಹುಡುಗರಿಗೆ ನಿಜವಾಗಿಯೂ ಹೊಟ್ಟೆಯಲ್ಲೇ ನೋವು ಬರುತ್ತದೆ. ತಾಯಿಯ ಗರ್ಭದಲ್ಲಿ ಬೀಜ ಮೊದಲು ರೂಪುಗೊಳ್ಳುವುದು ಮಗುವಿನ ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಅಲ್ಲಿಂದ ಕೆಳಗಿಳಿದು ಬೀಜದ ಚೀಲಕ್ಕೆ ಬರುವಾಗ ರಕ್ತನಾಳವನ್ನೂ ನರವನ್ನೂ ಮೇಲಿನಿಂದಲೇ ಎಳೆದುಕೊಂಡು ಬರುತ್ತದೆ. ಆದ್ದರಿಂದ ಕೆಳಗೆ ಪೆಟ್ಟಾದರೆ ಮೇಲೆ, ಹೊಕ್ಕುಳ ಸುತ್ತ ಅಥವಾ ಕಿಬ್ಬೊಟ್ಟೆಯಲ್ಲಿ ನೋವು ಕಾಣಿಸಿಕೊಳ್ಳಬಹುದು. ಹುಡುಗ ಸುಳ್ಳು ಹೇಳುತ್ತಿಲ್ಲ. ನೋಡದೆ ಬಿಡುತ್ತಿರುವವರು ನಾವು.

ಒಳಗೆ ಆಗುವುದು ಇಷ್ಟು. ಸಾಮಾನ್ಯವಾಗಿ ಬೀಜದ ಹಿಂಬದಿ ಚೀಲದ ಗೋಡೆಗೆ ಅಂಟಿಕೊಂಡಿರುತ್ತದೆ, ಹಾಗಾಗಿ ತಿರುಗುವುದಿಲ್ಲ. ಕೆಲವರಲ್ಲಿ ಹುಟ್ಟಿನಿಂದಲೇ ಆ ಅಂಟು ಇರುವುದಿಲ್ಲ. ಅಂಥವರಲ್ಲಿ ಬೀಜ ದೇವಸ್ಥಾನದ ಗಂಟೆಯ ನಾಲಿಗೆಯಂತೆ ಬಳ್ಳಿಯೊಂದರ ತುದಿಯಲ್ಲಿ ತೂಗಾಡುತ್ತಿರುತ್ತದೆ. ಹರೆಯ ಬಂದಾಗ ಬೀಜದ ತೂಕ ಬೇಗ ಹೆಚ್ಚುತ್ತದೆ. ಚಳಿಗೋ ನಿದ್ದೆಯಲ್ಲೋ ಬಳ್ಳಿಯ ಸುತ್ತಲಿನ ಸ್ನಾಯು ಒಮ್ಮೆ ಬಿಗಿದರೆ ಸಾಕು, ಬೀಜ ಗಿರ್ರನೆ ಸುತ್ತಿಕೊಳ್ಳುತ್ತದೆ. ಒಂದು ಸುತ್ತು, ಕೆಲವೊಮ್ಮೆ ಎರಡು. ರಕ್ತವನ್ನು ಹೊರಗೆ ಒಯ್ಯುವ ತೆಳು ಗೋಡೆಯ ನಾಳ ಮೊದಲು ಮುಚ್ಚುತ್ತದೆ. ಒಳಗೆ ಬರುವ ರಕ್ತ ಮಾತ್ರ ಬರುತ್ತಲೇ ಇರುತ್ತದೆ. ಬೀಜ ಊದುತ್ತದೆ, ಗಟ್ಟಿಯಾಗುತ್ತದೆ. ಊತ ಹೆಚ್ಚಿ ಒಳಬರುವ ನಾಳವೂ ನಿಂತುಹೋಗುತ್ತದೆ. ಗಡಿಯಾರ ಶುರುವಾಗುವುದು ನೋವು ಶುರುವಾದ ಆ ಗಳಿಗೆಯಿಂದ.

ಆರು ಗಂಟೆಯೊಳಗೆ ಬಿಚ್ಚಿದರೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಬೀಜ ಉಳಿಯುತ್ತವೆ. ಹನ್ನೆರಡು ಗಂಟೆ ಕಳೆದರೆ ಉಳಿಯುವುದು ಸುಮಾರು ಅರ್ಧ. ಇಪ್ಪತ್ತನಾಲ್ಕು ದಾಟಿದರೆ ಉಳಿಯುವುದು ಅಪರೂಪ. ಆ ಮೆಸೇಜಿನ ಲೆಕ್ಕವನ್ನೇ ಹಾಕಿ ನೋಡಿ. ರಾತ್ರಿ ಎರಡಕ್ಕೆ ನೋವು, ಬೆಳಿಗ್ಗೆ ಎಂಟಕ್ಕೆ ಆರು ಗಂಟೆ ಮುಗಿಯಿತು. ಡಾಕ್ಟರ್ ಬರುವುದು ಹತ್ತಕ್ಕೆ. ಸ್ಕ್ಯಾನ್ ಬರೆದುಕೊಟ್ಟು, ಸರದಿಯಲ್ಲಿ ಕೂತು, ರಿಪೋರ್ಟ್ ಹಿಡಿದು ಬರುವ ಹೊತ್ತಿಗೆ ಮಧ್ಯಾಹ್ನ. "ಬೆಳಗಾಗಲಿ" ಅನ್ನುವ ಆ ಒಂದು ಮಾತಿನಲ್ಲೇ ಬೀಜ ಹೋಗಿರಬಹುದು.

ಇನ್ನೂ ಕ್ರೂರವಾದ ಸಂಗತಿ ಒಂದಿದೆ. ಬೀಜ ಸಾಯುತ್ತಾ ಬಂದಂತೆ ನೋವು ಇಳಿಯಬಹುದು. ಮನೆಯವರು "ಎಣ್ಣೆ ಹಚ್ಚಿದ್ದಕ್ಕೆ ಕಡಿಮೆ ಆಯ್ತು" ಅಂತ ಸಮಾಧಾನಪಟ್ಟುಕೊಳ್ಳುತ್ತಾರೆ.

ಹಾಗಾದರೆ ನೋಡುವುದು ಏನನ್ನು? ಬಾಗಿಲು ಹಾಕಿ, ಯಾಕೆ ನೋಡುತ್ತಿದ್ದೇವೆ ಅಂತ ಹುಡುಗನಿಗೆ ಹೇಳಿ, ಬೆಳಕಿನಲ್ಲಿ ಒಂದು ನಿಮಿಷ ನೋಡಿ. ಅಪ್ಪ ನೋಡಲಿ, ಅಮ್ಮ ನೋಡಲಿ, ಹುಡುಗ ಯಾರ ಹತ್ತಿರ ಸಂಕೋಚಪಡುವುದಿಲ್ಲವೋ ಅವರು ನೋಡಲಿ. ಒಂದು ಬದಿ ಊದಿದೆಯಾ? ಕೆಂಪಾಗಿದೆಯಾ? ಒಂದು ಬೀಜ ಇನ್ನೊಂದಕ್ಕಿಂತ ಮೇಲಕ್ಕೆ ಏರಿ ಕೂತಿದೆಯಾ, ನೆಟ್ಟಗೆ ಇರುವ ಬದಲು ಅಡ್ಡ ಮಲಗಿದೆಯಾ? ಮೆಲ್ಲಗೆ ಮುಟ್ಟಿದರೆ ಕಲ್ಲಿನಷ್ಟು ಗಟ್ಟಿಯಿದೆಯಾ, ಹುಡುಗ ಮುಟ್ಟಿಸಿಕೊಳ್ಳುವುದಿಲ್ಲವಾ? ಇದರಲ್ಲಿ ಒಂದೇ ಇದ್ದರೂ ಹೊರಡಿ. ನೋಡಲು ಏನೂ ಕಾಣದೆ ಬೀಜದಲ್ಲಿ ನೋವು ಮಾತ್ರ ಇದ್ದರೂ ಹೊರಡಿ, ಮೊದಲ ಒಂದೆರಡು ಗಂಟೆಯಲ್ಲಿ ಊತ ಇಲ್ಲದೆಯೂ ಇರಬಹುದು. ಕ್ರಿಕೆಟ್ ಚೆಂಡು ತಗುಲಿತು ಅಂತ ಹೇಳಿದರೂ ಅಷ್ಟೇ. ಪೆಟ್ಟಿನ ನೋವು ಒಂದು ಗಂಟೆಯೊಳಗೆ ಇಳಿಯದಿದ್ದರೆ ಅದನ್ನು ಚೆಂಡಿನ ತಲೆಗೆ ಕಟ್ಟಿ ಸುಮ್ಮನಿರಬೇಡಿ. ಬಿಸಿನೀರಿನ ಶಾಖ, ಎಣ್ಣೆ ತಿಕ್ಕುವುದು ಯಾವುದೂ ಬೇಡ. ತಿನ್ನಲು, ಕುಡಿಯಲು ಕೊಡಬೇಡಿ. ಆಪರೇಷನ್‌ಗೆ ಹೊಟ್ಟೆ ಖಾಲಿಯಿದ್ದರೆ ಒಳ್ಳೆಯದು. ಆಗಲೇ ಊಟ ಆಗಿದ್ದರೂ ಅದಕ್ಕಾಗಿ ಆಪರೇಷನ್ ಮುಂದೂಡುವಂತಿಲ್ಲ, ತುಂಬಿದ ಹೊಟ್ಟೆಗೂ ಅರಿವಳಿಕೆ ಕೊಡುವ ಕ್ರಮ ಇದೆ.

"ಪ್ರತಿ ಹೊಟ್ಟೆನೋವಿಗೂ ಹೀಗೆ ನೋಡ್ತಾ ಕೂತರೆ ಹುಡುಗನಿಗೆ ಮುಜುಗರ ಆಗಲ್ವಾ, ಇದೇನು ಅಷ್ಟು ಸಾಮಾನ್ಯವಾ?" ಅಂತ ಕೇಳುತ್ತಾರೆ. ಸಾಮಾನ್ಯ ಅಲ್ಲ, ಒಪ್ಪುತ್ತೇನೆ. 25ರೊಳಗಿನ ಗಂಡುಮಕ್ಕಳಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಸಾವಿರಕ್ಕೊಬ್ಬರಿಗೆ ಅನ್ನುವುದು ಪುಸ್ತಕದ ಲೆಕ್ಕ. ಆದರೆ ನೋಡುವುದಕ್ಕೆ ಬೇಕಾದದ್ದು ಒಂದು ನಿಮಿಷ, ಕಾಸಿನ ಖರ್ಚಿಲ್ಲ. ಮುಜುಗರ ಸಂಜೆಯೊಳಗೆ ಮರೆತುಹೋಗುತ್ತದೆ, ಹೋದ ಬೀಜ ವಾಪಸ್ ಬರುವುದಿಲ್ಲ. ಈ ವಾದಕ್ಕೆ ನನ್ನಲ್ಲಿ ತಾಳ್ಮೆ ಉಳಿದಿಲ್ಲ.

ಮನೆಯವರನ್ನು ಮಾತ್ರ ಬೈದರೆ ಅನ್ಯಾಯವಾಗುತ್ತದೆ. ವಾಂತಿ, ಹೊಟ್ಟೆನೋವು ಅಂತ ಬಂದ ಹುಡುಗನ ಹೊಟ್ಟೆಯನ್ನು ಪ್ಯಾಂಟಿನ ಬೆಲ್ಟಿನವರೆಗೆ ಮಾತ್ರ ಮುಟ್ಟಿ, ಡ್ರಿಪ್ ಹಾಕಿ, ವಾಂತಿಯ ಇಂಜೆಕ್ಷನ್ ಕೊಟ್ಟು ಕಳಿಸುವ ಡಾಕ್ಟರ್‌ಗಳಿದ್ದಾರೆ. ಹೊಟ್ಟೆಯ ಪರೀಕ್ಷೆ ತೊಡೆಸಂದು, ಚೀಲ ನೋಡುವವರೆಗೂ ಮುಗಿಯುವುದಿಲ್ಲ ಅಂತ ಓದಿರುವವರೇ ಇವರು. ಬೀಜ ನೋಡಿಯೂ "ಇನ್ಫೆಕ್ಷನ್" ಅಂತ ಐದು ದಿನದ ಆಂಟಿಬಯೋಟಿಕ್ ಬರೆಯುವುದು ಇನ್ನೊಂದು ತಪ್ಪು. ಸೋಂಕಿನ ನೋವು ಒಂದೆರಡು ದಿನದಲ್ಲಿ ಮೆಲ್ಲಗೆ ಏರುತ್ತದೆ, ಜೊತೆಗೆ ಜ್ವರವೋ ಉರಿಮೂತ್ರವೋ ಇರಬಹುದು. ತಿರುಚಿದ ನೋವು ಇದ್ದಕ್ಕಿದ್ದಂತೆ ಬರುತ್ತದೆ, ಎಷ್ಟು ಗಂಟೆಗೆ ಬಂತು ಅಂತ ಹುಡುಗ ಹೇಳಬಲ್ಲ. ಏಳರಿಂದ ಹನ್ನೆರಡರ ಹುಡುಗರಲ್ಲಿ ಬೀಜದ ಮೇಲ್ತುದಿಯ ಪುಟ್ಟ ಕುಡಿಯೊಂದು ಮಾತ್ರ ತಿರುಚಿಕೊಳ್ಳುವುದೂ ಉಂಟು. ಆಗ ಮೇಲ್ಗಡೆ ಒಂದೇ ಜಾಗದಲ್ಲಿ ನೋವಿರುತ್ತದೆ, ಚರ್ಮದಡಿ ನೀಲಿ ಚುಕ್ಕೆ ಕಾಣಬಹುದು. ಅದಕ್ಕೆ ವಿಶ್ರಾಂತಿ, ನೋವಿನ ಮಾತ್ರೆ ಸಾಕು. ಆದರೆ ಅದೇ ಹೌದು ಅಂತ ತೀರ್ಮಾನಿಸಬೇಕಾದದ್ದು ಸರ್ಜನ್. ನೀವಲ್ಲ, ಗ್ರೂಪೂ ಅಲ್ಲ.

ಒಳತೊಡೆಯನ್ನು ಬೆರಳಿನಿಂದ ಮೆಲ್ಲಗೆ ಗೀರಿದರೆ ಆ ಬದಿಯ ಬೀಜ ಸರ್ರನೆ ಮೇಲೆ ಜಿಗಿಯಬೇಕು. ತಿರುಚಿದಾಗ ಸಾಮಾನ್ಯವಾಗಿ ಜಿಗಿಯುವುದಿಲ್ಲ. ಬೀಜ ತಿರುಚಿರುವ ಸಾಧ್ಯತೆ ಅಳೆಯಲು ಡಾಕ್ಟರ್‌ಗಳಿಗೆ ಏಳು ಅಂಕದ ಟ್ವಿಸ್ಟ್ ಸ್ಕೋರ್ ಇದೆ: ಊತಕ್ಕೆ 2, ಗಟ್ಟಿತನಕ್ಕೆ 2, ಜಿಗಿಯದಿದ್ದರೆ 1, ವಾಕರಿಕೆ ಅಥವಾ ವಾಂತಿಗೆ 1, ಬೀಜ ಮೇಲೇರಿದ್ದರೆ 1. ಐದು ಅಥವಾ ಹೆಚ್ಚು ಅಂಕ ಬಂದ ಹುಡುಗನನ್ನು, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿಗೆ ಕಳಿಸಿ ಕಾಯಿಸಬಾರದು. ಪಕ್ಕದ ಕೋಣೆಯಲ್ಲೇ ಸ್ಕ್ಯಾನ್ ಇದ್ದರೆ ಮಾಡಿ, ಬೇಡ ಅನ್ನುವುದಿಲ್ಲ. ರೇಡಿಯಾಲಜಿಸ್ಟ್ ನಾಳೆ ಬರುತ್ತಾರೆ ಅಂದರೆ ಕಾಯುವಂತಿಲ್ಲ. ಅರೆ ತಿರುಚಿದಾಗ ಸ್ಕ್ಯಾನಿನಲ್ಲಿ ರಕ್ತ ಹರಿಯುವುದು ಕಂಡೂ ಬೀಜ ಸಾಯುತ್ತಿರಬಹುದು. ಚೀಲ ತೆರೆದು ನೋಡಿ ಏನೂ ಇಲ್ಲವೆಂದಾದರೆ ಹುಡುಗನಿಗೆ ಉಳಿಯುವುದು ಒಂದು ಸಣ್ಣ ಗೆರೆಯ ಗಾಯ. ತೆರೆಯದೆ ತಪ್ಪಿದರೆ ಏನು ಉಳಿಯುತ್ತದೆ ಅಂತ ಬಿಡಿಸಿ ಹೇಳಬೇಕಾ?

ಆಪರೇಷನ್ ದೊಡ್ಡದಲ್ಲ. ಚೀಲದ ನಡುಗೆರೆಯಲ್ಲಿ ಕೊಯ್ದು ಬೀಜ ಹೊರತೆಗೆದರೆ ನೇರಳೆಹಣ್ಣಿನ ಬಣ್ಣ. ಸುತ್ತು ಬಿಚ್ಚಿ, ಬೆಚ್ಚನೆಯ ಸಲೈನಿನಲ್ಲಿ ನೆನೆಸಿದ ಬಟ್ಟೆಯಲ್ಲಿ ಸುತ್ತಿ, ಹತ್ತು ಹದಿನೈದು ನಿಮಿಷ ಸುಮ್ಮನೆ ಕಾಯಬೇಕು. ಬದುಕಿದ್ದರೆ ಕಪ್ಪು ಕರಗುತ್ತಾ ಅಂಚಿನಿಂದ ಕೆಂಪು ತಿರುಗುತ್ತದೆ. ಅನುಮಾನವಿದ್ದರೆ ಹೊರಪೊರೆಯ ಮೇಲೆ ಪುಟ್ಟ ಗೀರು ಹಾಕುತ್ತಾರೆ, ತಾಜಾ ರಕ್ತ ಒಸರಿದರೆ ಉಳಿಯಿತು. ಕರಗದ ದಾರದಿಂದ ಎರಡು ಮೂರು ಕಡೆ ಚೀಲದ ಗೋಡೆಗೆ ಹೊಲಿಯುತ್ತಾರೆ. ಕಪ್ಪಾಗಿಯೇ ಉಳಿದರೆ ತೆಗೆಯಬೇಕಾಗುತ್ತದೆ. ಎರಡೂ ಸಂದರ್ಭದಲ್ಲಿ ಇನ್ನೊಂದು ಬದಿಯ ಬೀಜವನ್ನೂ ಅದೇ ಸಲ ಹೊಲಿಯಲೇಬೇಕು, ಗಂಟೆಯ ನಾಲಿಗೆಯ ದೋಷ ಬಹಳ ಸಲ ಎರಡೂ ಕಡೆ ಇರುತ್ತದೆ. ಡಿಸ್ಚಾರ್ಜ್ ಆಗುವ ಮುನ್ನ "ಎರಡೂ ಕಡೆ ಹೊಲಿದಿದ್ದೀರಾ?" ಅಂತ ಕೇಳಿ ಬರೆಸಿಕೊಳ್ಳಿ. ಒಂದೇ ಉಳಿದರೂ ಗಡಸು ಧ್ವನಿ, ಮೀಸೆ, ಮದುವೆ, ಮಕ್ಕಳು ಯಾವುದಕ್ಕೂ ಸಾಮಾನ್ಯವಾಗಿ ತೊಂದರೆಯಿಲ್ಲ. ಇದನ್ನು ಹುಡುಗನಿಗೇ ನೇರವಾಗಿ ಹೇಳಬೇಕು, ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿ ಬಿಡುವುದಲ್ಲ.

ಇದಕ್ಕೆ ಬೆಂಗಳೂರಿಗೇ ಓಡಬೇಕಾಗಿಲ್ಲ. ಜನರಲ್ ಸರ್ಜನ್, ಅರಿವಳಿಕೆ ಡಾಕ್ಟರ್ ಇರುವ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ದಾರಿಯಿಂದಲೇ ಫೋನ್ ಮಾಡಿ ಇಬ್ಬರೂ ಇದ್ದಾರಾ ಅಂತ ಕೇಳಿ, ಇಲ್ಲದಿದ್ದರೆ ಅಲ್ಲಿ ನಿಲ್ಲಿಸದೆ ಮುಂದೆ ಹೋಗಿ. ದೂರ ಕಳಿಸಬೇಕಾದರೆ ಅಲ್ಲಿನ ಡಾಕ್ಟರ್ ಕೈಯಿಂದ ಬಿಚ್ಚಲು ಯತ್ನಿಸಬಹುದು, ಪುಸ್ತಕ ತೆರೆದ ಹಾಗೆ ಒಳಗಿನಿಂದ ಹೊರಕ್ಕೆ. ಸುಮಾರು ಮೂರರಲ್ಲೊಂದು ತಿರುಚು ಉಲ್ಟಾ ಇರುತ್ತದೆ, ನೋವು ಹೆಚ್ಚಿದರೆ ದಿಕ್ಕು ಬದಲಿಸಬೇಕು. ನೋವು ನಿಂತರೂ ಆಪರೇಷನ್ ತಪ್ಪುವುದಿಲ್ಲ. ಮನೆಯಲ್ಲಿ ಇದನ್ನು ಮಾಡಲು ಹೋಗಲೇಬೇಡಿ. ಆಸ್ಪತ್ರೆಯ ಕೌಂಟರಿನಲ್ಲಿ "ಹೊಟ್ಟೆನೋವು" ಅನ್ನಬೇಡಿ. "ಬೀಜ ತಿರುಚಿಕೊಂಡಿದೆ ಅಂತ ಅನುಮಾನ, ನೋವು ಶುರುವಾಗಿ ಇಷ್ಟು ಗಂಟೆ ಆಯ್ತು" ಅಂತ ಹೇಳಿ. ಆ ಒಂದು ವಾಕ್ಯ ನಿಮ್ಮನ್ನು ಸರದಿಯ ಮುಂದಕ್ಕೆ ಒಯ್ಯಬೇಕು.

ಹಾಸ್ಟೆಲ್ ವಾರ್ಡನ್‌ಗಳೇ, ಅಪ್ಪ ಅಮ್ಮ ಊರಿಂದ ಬರಲಿ ಅಂತ ಕಾಯಬೇಡಿ. ಹುಡುಗನನ್ನು ಗಾಡಿಗೆ ಹತ್ತಿಸಿ, ಆಮೇಲೆ ಫೋನ್ ಮಾಡಿ. ಬಸ್ಸಿನಲ್ಲಿ ಅವರು ಬಂದು ತಲುಪುವಷ್ಟರಲ್ಲಿ ಆರು ಗಂಟೆ ಕಳೆದಿರುತ್ತದೆ.

ಇನ್ನೊಂದು ವಿಷಯ. ಕೆಲವು ಹುಡುಗರಲ್ಲಿ ಬೀಜ ತಿರುಚಿ ತಾನೇ ಬಿಚ್ಚಿಕೊಳ್ಳುತ್ತದೆ. ಜೀವ ಹೋಗುವ ನೋವು, ವಾಂತಿ, ಅರ್ಧ ಗಂಟೆಯಲ್ಲಿ ಏನೂ ಇಲ್ಲ, ಹುಡುಗ ಆಟಕ್ಕೆ ಓಡುತ್ತಾನೆ. ನಿಮ್ಮ ಮನೆಯ ಹುಡುಗ "ಹೋದ ತಿಂಗಳೂ ಹೀಗೇ ಬಂದು ಹೋಗಿತ್ತು" ಅಂದರೆ ಅದನ್ನು ಗ್ಯಾಸ್ ಅಂತ ಬಿಡಬೇಡಿ, ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ. ಅಂಥವರಿಗೆ ದಿನ ಗೊತ್ತುಮಾಡಿಯೇ ಹೊಲಿಗೆ ಹಾಕಬಹುದು, ಹಗಲು ಹೊತ್ತಿನಲ್ಲಿ, ಎರಡೂ ಬೀಜಕ್ಕೆ ಜೀವ ಇರುವಾಗಲೇ.